ಬರ ತಾಳುವ ರಾಗಿ: ಅರಸೀಕೆರೆ ಸೀಮೆಯ ಬೇಸಾಯ

ಅರಸೀಕೆರೆ ಹಾಸನ ಜಿಲ್ಲೆಯ ಮೂಡಣ ಅಂಚಿನ ಬಯಲುಸೀಮೆ. ಮಲೆನಾಡಿನ ಸಕಲೇಶಪುರಕ್ಕೆ ಬೀಳುವ ಮಳೆಯಲ್ಲಿ ಸಣ್ಣ ಪಾಲಷ್ಟೇ ಇಲ್ಲಿಗೆ ದಕ್ಕುತ್ತದೆ. ಹಾಗಾಗಿ ತೆಂಗಿನ ತೋಟದಾಚೆಯ ಕೆಂಪು ಹೊಲಗಳಲ್ಲಿ ತಲೆತಲಾಂತರದಿಂದ ರಾಗಿಯೇ ಆಧಾರ. ಈ ಧಾನ್ಯದ ತವರು ಪೂರ್ವ ಆಫ್ರಿಕದ ಎತ್ತರದ ನಾಡುಗಳು. ಕನ್ನಡ ನಾಡಿಗೆ ಬಂದ ಮೇಲೆ ಅದು ಇಲ್ಲಿನದೇ ಆಗಿಹೋಯಿತು.

ಹದವಾದ ಮಳೆ ಬಿದ್ದಾಗ ಕೂರಿಗೆಯಲ್ಲಿ ಬಿತ್ತಿ, ನಡುನಡುವೆ ಅಕ್ಕಡಿ ಸಾಲುಗಳಲ್ಲಿ ಅವರೆ, ತೊಗರಿ, ಹುಚ್ಚೆಳ್ಳು ಹಾಕುವುದು ಹಳೆಯ ಪದ್ಧತಿ. ಬಿತ್ತನೆಗೆ ಮುನ್ನ ಬೀಜವನ್ನು ನೀರಲ್ಲಿ ನೆನೆಸಿ ಮತ್ತೆ ನೆರಳಲ್ಲಿ ಒಣಗಿಸಿದರೆ ಪೈರು ಒಣಹವೆಯನ್ನು ಹೆಚ್ಚು ತಾಳುತ್ತದೆ. ಮಳೆ ಕೈಕೊಟ್ಟರೆ ಪೈರು ಎಲೆ ಸುತ್ತಿಕೊಂಡು ಬಾಡಿ ನಿಲ್ಲುತ್ತದೆ. ಒಂದು ಹದ ಮಳೆ ಬಿದ್ದರೆ ಮತ್ತೆ ಚೇತರಿಸಿಕೊಂಡು ತೆಂಡೆ ಒಡೆಯುತ್ತದೆ.

ಕೊಯ್ಲಾದ ಕಾಳು ಹಗೇವಿಗೆ ಇಳಿಯುತ್ತಿತ್ತು. ಗಟ್ಟಿ ನೆಲದಲ್ಲಿ ತೋಡಿದ, ಬಾಯಿ ಕಿರಿದಾದ ಈ ಗುಂಡಿಗೆ ಒಳಗೆ ಹುಲ್ಲು ಹಾಸಿ, ರಾಗಿ ತುಂಬಿ, ಮೇಲೆ ಕಲ್ಲು ಮುಚ್ಚಿ ಮಣ್ಣು ಮೆತ್ತುತ್ತಿದ್ದರು. ತೆರೆದಾಗ ಕೆಟ್ಟಗಾಳಿ ಹೋಗುವವರೆಗೆ ಕಾದು, ದೀಪ ಇಳಿಬಿಟ್ಟು ನೋಡಿ, ಅದು ಆರದಿದ್ದರೆ ಮಾತ್ರ ಒಳಗಿಳಿಯುತ್ತಿದ್ದರು. ವರ್ಷಗಳು ಕಳೆದರೂ ಕೆಡದ ಈ ಗುಣವೇ ಕನಕದಾಸರ ‘ರಾಮಧಾನ್ಯ ಚರಿತ್ರೆ’ಯ ತಿರುಳು. ಆರು ತಿಂಗಳ ಸೆರೆಯಲ್ಲಿ ಭತ್ತ ಸೊರಗುತ್ತದೆ, ರಾಗಿ ಉಳಿಯುತ್ತದೆ.

20ನೇ ಶತಮಾನದಲ್ಲಿ ಮಂಡ್ಯದ ವಿ.ಸಿ. ಫಾರಂನಲ್ಲಿ ಲಕ್ಷ್ಮಣಯ್ಯನವರು ಭಾರತದ ಮತ್ತು ಆಫ್ರಿಕದ ತಳಿಗಳನ್ನು ಕೂಡಿಸಿ ‘ಇಂಡಾಫ್’ ತಳಿಗಳನ್ನು ಕೊಟ್ಟರು. ಇಳುವರಿ ಏರಿತು, ಜನ ಅವರನ್ನು ರಾಗಿ ಬ್ರಹ್ಮ ಎಂದು ಕರೆದರು.

ಗಿಡ ಬರವನ್ನು ಹೇಗೆ ತಾಳುತ್ತದೆ ಎಂಬುದು ತಿಳಿಯತೊಡಗಿದ್ದು ಅದೇ ಕಾಲದಲ್ಲಿ. 1960ರ ದಶಕದಲ್ಲಿ ಹತ್ತಿಕಾಯಿ ಉದುರುವುದೇಕೆಂದು ಅಮೆರಿಕದಲ್ಲಿ, ಮರದ ಮೊಗ್ಗು ಚಳಿಗಾಲದಲ್ಲಿ ನಿದ್ರಿಸುವುದೇಕೆಂದು ಬ್ರಿಟನ್ನಿನಲ್ಲಿ ಹುಡುಕಿದವರಿಗೆ ಒಂದೇ ರಸಾಯನ ಸಿಕ್ಕಿತು. ಅದೇ ಅಬ್ಸಿಸಿಕ್ ಆಮ್ಲ. ಮಣ್ಣು ಒಣಗಿದಾಗ ಗಿಡದಲ್ಲಿ ಈ ಹಾರ್ಮೋನು ಹೆಚ್ಚುತ್ತದೆ; ಎಲೆಯ ಪತ್ರರಂಧ್ರಗಳು ಮುಚ್ಚಿ ನೀರು ಉಳಿಯುತ್ತದೆ.

ಇದರ ಗ್ರಾಹಕ ಪ್ರೋಟೀನುಗಳು ಪತ್ತೆಯಾದದ್ದು 2009ರಲ್ಲಿ. ನೀರು ಸಾಕಷ್ಟಿದ್ದಾಗ ಒಂದು ಬಗೆಯ ಕಿಣ್ವ ಎಚ್ಚರಿಕೆಯ ಕಿಣ್ವಗಳನ್ನು ತಡೆದಿಡುತ್ತದೆ. ಹಾರ್ಮೋನು ಗ್ರಾಹಕಕ್ಕೆ ಅಂಟಿದಾಗ ಗ್ರಾಹಕವು ಆ ತಡೆಗಾರನನ್ನು ಹಿಡಿದು ಕಟ್ಟುತ್ತದೆ. ಬಿಡುಗಡೆಯಾದ ಕಿಣ್ವಗಳು ಕೆಲವು ಪ್ರೋಟೀನುಗಳನ್ನು ಚುರುಕುಗೊಳಿಸುತ್ತವೆ. ಅವು ಜೀನುಗಳ ಪಕ್ಕದ ಡಿಎನ್‌ಎ ಗುರುತಿಗೆ ಅಂಟಿ, ಜೀವಕೋಶ ಕಾಯುವ ಜೀನುಗಳನ್ನು ತೆರೆಯುತ್ತವೆ. ಬೀಜ ಬಲಿತು ಒಣಗುವಾಗಲೂ ಇದೇ ಹಾರ್ಮೋನು ಅದನ್ನು ಒಣಗುವಿಕೆಗೆ ಸಜ್ಜುಗೊಳಿಸುತ್ತದೆ.

2017ರಲ್ಲಿ ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ತಂಡ ‘ಎಂಎಲ್-365’ ರಾಗಿ ತಳಿಯ ಜೀನೋಮ್ ಪ್ರಕಟಿಸಿತು. 85 ಸಾವಿರಕ್ಕೂ ಹೆಚ್ಚು ಜೀನುಗಳನ್ನು ಗುರುತಿಸಿ, ಬರಕ್ಕೆ ಸ್ಪಂದಿಸುವ 2,866 ಜೀನುಗಳನ್ನು ಪಟ್ಟಿ ಮಾಡಿತು. ಅರಸೀಕೆರೆಯಂಥ ಖುಷ್ಕಿ ಸೀಮೆಗೆ ತಳಿ ಆರಿಸುವವರಿಗೆ ಇಂದು ಹೊಲದ ಅನುಭವದ ಜೊತೆಗೆ ಈ ಪಟ್ಟಿಯೂ ಒದಗಿಬರುತ್ತದೆ.