ಬಂಧಿತರ ಸಾಕ್ಷ್ಯ: ಮಾನಸಿಕ ಅಸ್ವಸ್ಥರನ್ನು ಕಟ್ಟಿಹಾಕಿದ ಇತಿಹಾಸ ಮತ್ತು ನಮ್ಮ ಪಾಲನಾ ಸೇವೆ

ಗುರುದೀಕ್ಷೆಯನ್ನು ಪಡೆದ ಹೊಸತರಲ್ಲಿ ಮಿಜಾರಿನ ಸುತ್ತಮುತ್ತಲಿನ ಮನೆಗಳಿಗೆ ಆಶೀರ್ವಾದಕ್ಕೆಂದು ಹೋಗುವ ಅವಕಾಶ ನನಗೆ ಒದಗಿತ್ತು. ಒಂದು ಸಂಜೆ ವಾರ್ಡಿನ ಗುರಿಕಾರರು ತೋಟದ ಅಂಚಿನಲ್ಲಿದ್ದ ಒಂದು ಮನೆಗೆ ನನ್ನನ್ನು ಕರೆದುಕೊಂಡು ಹೋದರು. ಹಿಂಬದಿಯ ಚಾವಡಿಯಲ್ಲಿ ಸುಮಾರು ಮೂವತ್ತು ವರ್ಷದ ಒಬ್ಬಾತ ಕುಳಿತಿದ್ದ. ಅವನ ಕಾಲಿಗೆ ಸಂಕೋಲೆ ಇತ್ತು. ಅದರ ಇನ್ನೊಂದು ತುದಿಯನ್ನು ಕಂಬಕ್ಕೆ ಬಿಗಿದಿದ್ದರು. ತಾಯಿಯೊಡನೆ ನಾನು ಬಹಳ ಹೊತ್ತು ಮಾತನಾಡಿದೆ: ಯಾವಾಗಿನಿಂದ ಹೀಗೆ, ಊಟ ಮಾಡುತ್ತಾನೆಯೇ, ಯಾರಿಗಾದರೂ ಹೊಡೆಯುತ್ತಾನೆಯೇ ಎಂದೆಲ್ಲ ವಿಚಾರಿಸಿದೆ. ಆ ಮಾತೆಲ್ಲವೂ ಅವನ ತಲೆಯ ಮೇಲಿಂದಲೇ ನಡೆಯಿತು. ಪವಿತ್ರ ಜಲವನ್ನು ಪ್ರೋಕ್ಷಿಸಿ ಹೊರಡುವಾಗ ಆತ ಕೊಂಕಣಿಯಲ್ಲಿ ಶಾಂತವಾಗಿಯೇ ನುಡಿದ: ‘ಪದ್ರಾಬಾ, ನಮ್ಮ ಮನೆಯ ನಾಯಿಯನ್ನು ರಾತ್ರಿಯಾದರೂ ಬಿಚ್ಚುತ್ತಾರೆ.’

ನಾನು ಉತ್ತರಿಸಲಿಲ್ಲ. ಅದು ರೋಗದ ಮಾತೆಂದು ಭಾವಿಸಿ ಅಂಗಳಕ್ಕೆ ಇಳಿದೆ. ಅದು ರೋಗದ ಮಾತಾಗಿರಲಿಲ್ಲ, ತನ್ನ ಸ್ಥಿತಿಯ ಕುರಿತು ಒಬ್ಬ ಮನುಷ್ಯ ನೀಡಿದ ನಿಖರವಾದ ಹೇಳಿಕೆಯಾಗಿತ್ತು ಎಂಬುದು ನನಗೆ ಅರಿವಾಗಲು ಹಲವು ವರ್ಷಗಳೇ ಹಿಡಿದವು. ಮಾನಸಿಕ ಅಸ್ವಸ್ಥರನ್ನು ಕಟ್ಟಿಹಾಕಿದ ಇತಿಹಾಸವನ್ನು ಸಾಮಾನ್ಯವಾಗಿ ಬಿಚ್ಚಿದವರ ಕಥೆಯಾಗಿ ಬರೆಯಲಾಗುತ್ತದೆ. ಈ ಪ್ರಬಂಧದಲ್ಲಿ ಅದನ್ನು ಕಟ್ಟಲ್ಪಟ್ಟವರ ಕಡೆಯಿಂದ ಓದಲು ಯತ್ನಿಸಿದ್ದೇನೆ. ಬಂಧಿತನ ಮಾತಿಗೆ ಯಾರಾದರೂ ಕಿವಿಗೊಟ್ಟಾಗ ಈ ಇತಿಹಾಸ ಮುಂದೆ ಸಾಗಿದೆ. ಕಿವಿಗೊಡದೆ ಬಿಚ್ಚಿದಾಗ ಬಂಧನ ಹೊಸ ರೂಪವನ್ನು ತಾಳಿ ಮರಳಿದೆ ಎಂಬುದು ನನ್ನ ಪ್ರತಿಪಾದನೆ.

ಗೆರಸೇನರ ನಾಡಿನಲ್ಲಿ

ಮಾರ್ಕನ ಶುಭಸಂದೇಶದ ಐದನೆಯ ಅಧ್ಯಾಯವನ್ನು ನಾವು ಪ್ರಭುವಿನ ಅಧಿಕಾರದ ಪ್ರಕಟಣೆಯಾಗಿ ಬೋಧಿಸುತ್ತೇವೆ. ಅದು ಸರಿಯೇ. ಆದರೆ ಶುಭಸಂದೇಶಕಾರನು ದೆವ್ವಗಳ ಮಾತಿಗೆ ಬರುವ ಮುನ್ನವೇ ಸಂಕೋಲೆಗಳ ಮಾತನ್ನು ಎತ್ತುತ್ತಾನೆಂಬುದನ್ನು ಗಮನಿಸಬೇಕು. ಆ ಮನುಷ್ಯನನ್ನು ಬೇಡಿ ಹಾಗೂ ಸರಪಳಿಗಳಿಂದ ಅನೇಕ ಸಾರಿ ಬಂಧಿಸಲಾಗಿತ್ತು. ಅವನು ಅವನ್ನು ಮುರಿದುಕೊಂಡಿದ್ದನು. ಅವನನ್ನು ಹತೋಟಿಗೆ ತರುವ ಶಕ್ತಿ ಯಾರಿಗೂ ಇರಲಿಲ್ಲ. ಅಂದರೆ ಊರಿನವರು ತಮಗೆ ತಿಳಿದ ಏಕೈಕ ಉಪಾಯವನ್ನು ಮತ್ತೆ ಮತ್ತೆ ಪ್ರಯೋಗಿಸಿ ಸೋತಿದ್ದರು. ಅವರನ್ನು ಕ್ರೂರಿಗಳೆಂದು ಮಾರ್ಕನು ಎಲ್ಲಿಯೂ ಕರೆಯುವುದಿಲ್ಲ.

ಪ್ರಭು ಯೇಸು ಅವನ ಹೆಸರನ್ನು ಕೇಳುತ್ತಾರೆ. ಗುಣವಾದ ನಂತರ ಅವನು ಬಟ್ಟೆ ತೊಟ್ಟು, ಸ್ವಸ್ಥಬುದ್ಧಿಯುಳ್ಳವನಾಗಿ ಕುಳಿತಿರುತ್ತಾನೆ. ಊರಿನವರಿಗೆ ಭಯ ಹುಟ್ಟುವುದು ಆಗಲೇ. ಕಟ್ಟಿದವರಿಗೆ ಅವನ ಆರ್ಭಟ ರೂಢಿಯಾಗಿತ್ತು, ಅವನ ಸ್ವಸ್ಥತೆ ರೂಢಿಯಾಗಿರಲಿಲ್ಲ. ಪ್ರಭುವಿನೊಡನೆ ದೋಣಿ ಹತ್ತಲು ಅವನು ಬೇಡಿಕೊಂಡರೂ ಅದಕ್ಕೆ ಅಪ್ಪಣೆ ದೊರೆಯುವುದಿಲ್ಲ. ತನ್ನ ಮನೆಗೆ, ತನ್ನವರ ಬಳಿಗೆ ಹೋಗಿ ನಡೆದುದನ್ನು ಹೇಳಬೇಕೆಂಬ ಆಜ್ಞೆ ಅವನಿಗೆ ದೊರೆಯುತ್ತದೆ. ಹೀಗೆ ದೆಕಪೊಲಿಯಲ್ಲಿ ಸಾರಿದವನು ಒಬ್ಬ ಮಾಜಿ ಬಂಧಿತ, ಅವನ ಮೊದಲ ಶ್ರೋತೃಗಳು ಅವನನ್ನು ಕಟ್ಟಿದವರೇ.

ಗ್ರನಾದದ ಆಸ್ಪತ್ರೆಯಲ್ಲಿ

1409ರಲ್ಲಿ ಸ್ಪೇನಿನ ವೆಲೆನ್ಸಿಯ ನಗರದಲ್ಲಿ ಮರ್ಸಿದೇರಿಯನ್ ಸಭೆಯ ಗುರು ಹುವಾನ್ ಗಿಲಬೆರ್ತ್ ಜೋಫ್ರೆ ಪ್ರಬೋಧನೆಗೆಂದು ಪ್ರಧಾನಾಲಯಕ್ಕೆ ಹೋಗುತ್ತಿದ್ದಾಗ, ಬುದ್ಧಿ ಕೆಟ್ಟ ಒಬ್ಬನನ್ನು ಜನರು ಬೀದಿಯಲ್ಲಿ ಹಿಂಸಿಸುತ್ತಿದ್ದುದನ್ನು ಕಂಡರು. ಅಂದಿನ ಪ್ರಬೋಧನೆಯ ಫಲವಾಗಿ ಇಂತಹವರಿಗಾಗಿಯೇ ಅಲ್ಲೊಂದು ಆಸ್ಪತ್ರೆ ಸ್ಥಾಪನೆಯಾಯಿತು. ಕ್ರೈಸ್ತ ದಯೆಯ ಇತಿಹಾಸದಲ್ಲಿ ಇದು ದೊಡ್ಡ ಹೆಜ್ಜೆ. ಆದರೆ ಅಂದಿನ ಆಸ್ಪತ್ರೆಗಳ ಒಳಗೂ ಬೇಡಿ, ಚಾವಟಿ ಇದ್ದವು. ಉನ್ಮಾದವನ್ನು ದೇಹದಂಡನೆಯಿಂದ ಇಳಿಸಬಹುದೆಂಬುದು ಆ ಕಾಲದ ವೈದ್ಯರ ನಂಬಿಕೆಯಾಗಿತ್ತು.

ಆ ನಂಬಿಕೆಯ ರುಚಿಯನ್ನು ತನ್ನ ಮೈಯಲ್ಲೇ ಕಂಡವರು ದೇವರ ಸಂತ ಜಾನ್. 1539ರ ಜನವರಿಯಲ್ಲಿ ಗ್ರನಾದದಲ್ಲಿ ಆವಿಲದ ಜಾನರ ಪ್ರಬೋಧನೆಯನ್ನು ಕೇಳಿದ ಪುಸ್ತಕ ವ್ಯಾಪಾರಿ ಹುವಾನ್ ಸಿಯುದಾದ್ ಪಶ್ಚಾತ್ತಾಪದಿಂದ ತತ್ತರಿಸಿ, ಎದೆ ಬಡಿದುಕೊಂಡು, ಬೀದಿಯಲ್ಲಿ ಹೊರಳಾಡಿದರು. ಜನರು ಅವರನ್ನು ಹುಚ್ಚನೆಂದು ರಾಜಾಸ್ಪತ್ರೆಗೆ ಸೇರಿಸಿದರು. ಅಲ್ಲಿ ಅವರನ್ನು ಕಟ್ಟಿ ಚಾವಟಿಯಿಂದ ಹೊಡೆದರು. 1585ರಲ್ಲಿ ಅವರ ಮೊದಲ ಜೀವನಚರಿತ್ರೆಯನ್ನು ಪ್ರಕಟಿಸಿದ ಫ್ರಾನ್ಸಿಸ್ಕೊ ದೆ ಕಾಸ್ತ್ರೊ, ಅವರು ಜೊತೆಯ ರೋಗಿಗಳ ಪರವಾಗಿ ಪರಿಚಾರಕರನ್ನು ಖಂಡಿಸಿದರೆಂದೂ, ಬಡವರನ್ನೂ ಬುದ್ಧಿ ಕೆಟ್ಟವರನ್ನೂ ತಮ್ಮ ಮನಸ್ಸಿಗೆ ಸರಿಕಂಡಂತೆ ಉಪಚರಿಸಲು ಸ್ವಂತದ್ದೊಂದು ಆಸ್ಪತ್ರೆಯನ್ನು ಹಂಬಲಿಸಿದರೆಂದೂ ದಾಖಲಿಸಿದ್ದಾರೆ. ಬಿಡುಗಡೆಯ ಬಳಿಕ ಗ್ರನಾದದಲ್ಲಿ ಅವರು ಆರಂಭಿಸಿದ ಆಸ್ಪತ್ರೆಯಿಂದಲೇ ಅವರ ಹೆಸರಿನ ಧಾರ್ಮಿಕ ಸಭೆ ಬೆಳೆಯಿತು. 1886ರಲ್ಲಿ ಹದಿಮೂರನೆಯ ಲಿಯೋ ಜಗದ್ಗುರುಗಳು ಅವರನ್ನು ರೋಗಿಗಳ ಮತ್ತು ಆಸ್ಪತ್ರೆಗಳ ಪಾಲಕರೆಂದು ಘೋಷಿಸಿದರು. ಆಸ್ಪತ್ರೆಗಳಲ್ಲಿ ಅವರ ಪ್ರತಿಮೆಯ ಮುಂದೆ ದೀಪ ಹಚ್ಚುವ ನಾವು, ಅವರ ಈ ದೈವಕರೆ ಬಹುಮಟ್ಟಿಗೆ ಕಟ್ಟಿಹಾಕಲ್ಪಟ್ಟ ಅನುಭವದಲ್ಲೇ ರೂಪುಗೊಂಡಿತೆಂಬುದನ್ನು ನೆನೆಯುವುದು ವಿರಳ.

ಸಂಕೋಲೆ ಹೋಗಿ ಅಂಗಿ ಬಂತು

1814ರಲ್ಲಿ ಲಂಡನ್ನಿನ ಬೆತ್ಲೆಮ್ ಆಸ್ಪತ್ರೆಗೆ ಭೇಟಿ ನೀಡಿದ ಎಡ್ವರ್ಡ್ ವೇಕ್‌ಫೀಲ್ಡ್ ಮತ್ತು ಸಂಗಡಿಗರು ನಾರಿಸ್ ಎಂಬ ನಾವಿಕನನ್ನು ಕಂಡರು. ಅವನ ಕುತ್ತಿಗೆಗೆ ಕಬ್ಬಿಣದ ಬಳೆ ತೊಡಿಸಿ, ಗೋಡೆಯ ಬದಿಯ ಕಂಬಿಗೆ ಸರಪಳಿಯಿಂದ ಜೋಡಿಸಿದ್ದರು; ತೋಳುಗಳನ್ನೂ ಎದೆಯನ್ನೂ ಕಬ್ಬಿಣದ ಪಟ್ಟಿಯಿಂದ ಬಿಗಿದಿದ್ದರು. ವರ್ಷಗಟ್ಟಲೆ ಅವನು ಹಾಗೆಯೇ ಇದ್ದ. ಭೇಟಿಗೆ ಬಂದವರನ್ನು ಬೆರಗುಗೊಳಿಸಿದ್ದು ಕಬ್ಬಿಣ ಮಾತ್ರವಲ್ಲ. ಅವನು ಪತ್ರಿಕೆಗಳನ್ನು ಓದುತ್ತಿದ್ದ, ಅವರೊಡನೆ ಸಮಾಧಾನದಿಂದ ವಿವೇಕದ ಮಾತನ್ನಾಡಿದ. ಮರುವರ್ಷ ಬ್ರಿಟಿಷ್ ಸಂಸತ್ತಿನ ಸಮಿತಿಯೇ ಈ ವಿಷಯವನ್ನು ವಿಚಾರಣೆಗೆ ಎತ್ತಿಕೊಂಡಿತು.

ಫ್ರಾನ್ಸಿನಲ್ಲಿ ಸಂಕೋಲೆಗಳನ್ನು ಕಳಚಿದ ಕೀರ್ತಿಯನ್ನು ಪಠ್ಯಪುಸ್ತಕಗಳು ವೈದ್ಯ ಫಿಲಿಪ್ ಪಿನೆಲ್‌ಗೆ ಕೊಡುತ್ತವೆ. ಪ್ಯಾರಿಸಿನ ಬಿಸೆತ್ರ್ ಆಸ್ಪತ್ರೆಯಲ್ಲಿ 1797ರಲ್ಲಿ ಆ ಕೆಲಸವನ್ನು ಮಾಡಿದವನು ಮೇಲ್ವಿಚಾರಕ ಝಾನ್ ಬಾಪ್ತಿಸ್ತ್ ಪ್ಯುಸ್ಸಾಂ. ಅವನು ಮೊದಲು ಅದೇ ಆಸ್ಪತ್ರೆಗೆ ಗಂಡಮಾಲೆಯ ರೋಗಿಯಾಗಿ ಬಂದವನು. ಗುಣವಾದ ಮೇಲೆ ಅಲ್ಲಿಯೇ ಸೇವೆಗೆ ನಿಂತವನು. ತಾನು ಅವನಿಂದ ಕಲಿತೆನೆಂದು ಪಿನೆಲ್ ಸ್ವತಃ ಒಪ್ಪಿಕೊಂಡಿದ್ದಾನೆ. ಆದರೂ ಅಲ್ಲಿ ಕಬ್ಬಿಣದ ಸ್ಥಾನಕ್ಕೆ ಸ್ಟ್ರೇಟ್‌ಜಾಕೆಟ್ ಬಂತು: ಎರಡು ಕೈಗಳನ್ನೂ ಎದೆಗೆ ಸುತ್ತಿ ಬೆನ್ನ ಹಿಂದೆ ಬಿಗಿಯುವ ದಪ್ಪ ಬಟ್ಟೆಯ ಅಂಗಿ. ಇಂಗ್ಲೆಂಡಿನಲ್ಲಿ ಕ್ವೇಕರ್ ಪಂಥದ ವಿಲಿಯಂ ಟ್ಯೂಕ್ 1796ರಲ್ಲಿ ಯಾರ್ಕ್‌ನಲ್ಲಿ ತೆರೆದ ಆಶ್ರಯಧಾಮ ಸಂಕೋಲೆಗಳನ್ನು ತ್ಯಜಿಸಿತು. 1839ರಿಂದ ಹ್ಯಾನ್‌ವೆಲ್‌ನಲ್ಲಿ ವೈದ್ಯ ಜಾನ್ ಕಾನಲಿ ಯಾಂತ್ರಿಕ ಬಂಧನಗಳೆಲ್ಲವನ್ನೂ ನಿಲ್ಲಿಸಿದನು. ಅಲ್ಲಿ ಒಂಟಿಕೋಣೆ ಉಳಿಯಿತು.

ಅಂಗಿಯ ಒಳಗಿನ ಅನುಭವವನ್ನು ಜಗತ್ತಿಗೆ ತಿಳಿಸಿದವನು ಅಮೆರಿಕದ ಕ್ಲಿಫರ್ಡ್ ಬೀರ್ಸ್. 1900ರಿಂದ 1903ರ ತನಕ ಕನೆಕ್ಟಿಕಟ್ ರಾಜ್ಯದ ಆಸ್ಪತ್ರೆಗಳಲ್ಲಿದ್ದ ಆತ 1908ರಲ್ಲಿ ತನ್ನ ಆತ್ಮಕಥನವನ್ನು ಪ್ರಕಟಿಸಿದನು. ಬಿಗಿತದ ನೋವಿನಷ್ಟೇ ಅದನ್ನು ಶಿಕ್ಷೆಯಾಗಿ ಬಳಸಿದ ಅಪಮಾನವೂ ಅಲ್ಲಿ ದಾಖಲಾಗಿದೆ. ಮರುವರ್ಷ ಅವನು ಹುಟ್ಟುಹಾಕಿದ ರಾಷ್ಟ್ರೀಯ ಸಮಿತಿಯಿಂದ ಮಾನಸಿಕ ಆರೋಗ್ಯದ ಸುಧಾರಣೆ ಒಂದು ಚಳವಳಿಯಾಗಿ ಬೆಳೆಯಿತು.

ಇಂದಿಗೂ ಆಸ್ಪತ್ರೆಯ ಮಂಚಕ್ಕೆ ಕಟ್ಟಲ್ಪಟ್ಟವರ ಮಾತುಗಳು ಬೀರ್ಸ್‌ನ ಮಾತಿಗೆ ಹತ್ತಿರವಾಗಿಯೇ ಇವೆ. ತಾವೇನು ತಪ್ಪು ಮಾಡಿದೆವೆಂದು ಯಾರೂ ತಿಳಿಸಲಿಲ್ಲವೆಂದೂ, ನೀರಿಗೂ ಮೂತ್ರಕ್ಕೂ ಬೇಡಬೇಕಾಯಿತೆಂದೂ, ಹಿಂದೆ ಅನುಭವಿಸಿದ ದೌರ್ಜನ್ಯ ಆ ಗಳಿಗೆಯಲ್ಲಿ ಮರುಕಳಿಸಿತೆಂದೂ, ಮತ್ತೆ ಆಸ್ಪತ್ರೆಗೆ ಹೋಗುವ ಧೈರ್ಯವೇ ಉಳಿಯಲಿಲ್ಲವೆಂದೂ ಅವರು ಹೇಳುತ್ತಾರೆ. ಕೆಲವರು ಇನ್ನೊಂದನ್ನೂ ನೆನೆಯುತ್ತಾರೆ: ಒಬ್ಬರು ಪಕ್ಕದಲ್ಲಿ ಕುಳಿತು, ಏಕೆ ಕಟ್ಟಿದ್ದೇವೆ, ಯಾವಾಗ ಬಿಚ್ಚುತ್ತೇವೆ ಎಂದು ತಿಳಿಸಿದಾಗ ಭಯ ಇಳಿಯಿತೆಂದು.

ನಮ್ಮ ನಾಡಿನಲ್ಲಿ

ನಮ್ಮ ಕರಾವಳಿಯ ಇತಿಹಾಸ ಇದಕ್ಕಿಂತ ಭಿನ್ನ. ಇಲ್ಲಿ ಸಂಕೋಲೆ ಇದ್ದುದು ಹೆಚ್ಚಾಗಿ ಮನೆಯಲ್ಲಿ. ಬ್ರಿಟಿಷ್ ಭಾರತದ ಹುಚ್ಚಾಸ್ಪತ್ರೆಗಳಿಗೆ 1858ರ ಕಾಯಿದೆಗಳು, ಬಳಿಕ 1912ರ ಲೂನಸಿ ಕಾಯಿದೆ ಚೌಕಟ್ಟನ್ನು ಒದಗಿಸಿದವು. ಅವುಗಳ ಮುಖ್ಯ ಕಾಳಜಿ ಸಮಾಜದ ಸುರಕ್ಷತೆಯಾಗಿತ್ತು. ಬೆಂಗಳೂರು ಮತ್ತು ಧಾರವಾಡಗಳಲ್ಲಿ ಹತ್ತೊಂಬತ್ತನೆಯ ಶತಮಾನದ ನಡುವಿನಲ್ಲೇ ಇಂತಹ ಸಂಸ್ಥೆಗಳು ಆರಂಭವಾಗಿದ್ದವು. ಆದರೆ ದಕ್ಷಿಣ ಕನ್ನಡ ಜಿಲ್ಲೆ 1956ರ ತನಕ ಮದ್ರಾಸಿನ ಆಡಳಿತಕ್ಕೆ ಸೇರಿತ್ತು. ಆ ಆಡಳಿತದಡಿ ಪಶ್ಚಿಮ ಕರಾವಳಿಯಲ್ಲಿದ್ದ ಆಸ್ಪತ್ರೆಯೆಂದರೆ 1872ರಲ್ಲಿ ತೆರೆದ ಕಲ್ಲಿಕೋಟೆಯದು. ಮಿಜಾರಿನಂತಹ ಊರಿನಿಂದ ಅದು ಇನ್ನೂರು ಕಿಲೋಮೀಟರಿಗೂ ದೂರ. ಮಂಗಳೂರಿಗೆ ರೈಲು ಬಂದದ್ದೇ 1907ರಲ್ಲಿ. ಉನ್ಮಾದಕ್ಕೊಳಗಾದ ಮಗನನ್ನು ಅಷ್ಟು ದೂರ ಒಯ್ಯಲಾರದ ಬಡ ಒಕ್ಕಲು ಕುಟುಂಬ ಅವನು ಬಾವಿಗೆ ಹಾರದಂತೆ, ಕಾಡು ಸೇರದಂತೆ ಕಂಬಕ್ಕೆ ಕಟ್ಟಿದ್ದರೆ ಅದನ್ನು ಪ್ರೀತಿಯ ಅಭಾವವೆಂದು ನಾವು ತೀರ್ಮಾನಿಸುವಂತಿಲ್ಲ. ಗೆರಸೇನರಂತೆಯೇ ಅವರಿಗೂ ಬೇರೆ ಉಪಾಯ ತಿಳಿದಿರಲಿಲ್ಲ.

ಬೆಂಗಳೂರಿನ ಸಂಸ್ಥೆ 1925ರಲ್ಲಿ ಮೆಂಟಲ್ ಹಾಸ್ಪಿಟಲ್ ಎಂಬ ಹೆಸರನ್ನು ಪಡೆಯಿತು, 1937ರಲ್ಲಿ ಹೊಸೂರು ರಸ್ತೆಯ ವಿಶಾಲ ಆವರಣಕ್ಕೆ ಸ್ಥಳಾಂತರಗೊಂಡಿತು, 1974ರಲ್ಲಿ ನಿಮ್ಹಾನ್ಸ್ ಆಯಿತು. ಅಲ್ಲಿಯ ತಜ್ಞರು ಬಳ್ಳಾರಿ ಜಿಲ್ಲೆಯಲ್ಲಿ ರೂಪಿಸಿದ ಮಾದರಿ, ಮಾನಸಿಕ ಚಿಕಿತ್ಸೆಯನ್ನು ಪ್ರಾಥಮಿಕ ಆರೋಗ್ಯ ಕೇಂದ್ರಗಳ ಮೂಲಕ ಹಳ್ಳಿಗೆ ತಲುಪಿಸಬಹುದೆಂದು ತೋರಿಸಿಕೊಟ್ಟಿತು. ಔಷಧ ಸಮೀಪಕ್ಕೆ ಬಂದಲ್ಲಿ ಸಂಕೋಲೆಯ ಅಗತ್ಯ ತಗ್ಗುತ್ತದೆ.

ಅದು ತಲುಪದ ಕಡೆ ಏನಾಗುತ್ತದೆಂಬುದನ್ನು 2001ರ ಆಗಸ್ಟ್ 6 ತೋರಿಸಿತು. ತಮಿಳುನಾಡಿನ ಎರವಾಡಿಯಲ್ಲಿ, ದರ್ಗಾದ ಆಸುಪಾಸಿನಲ್ಲಿ ಖಾಸಗಿಯವರು ನಡೆಸುತ್ತಿದ್ದ ಒಂದು ಆಶ್ರಯಕ್ಕೆ ನಸುಕಿನಲ್ಲಿ ಬೆಂಕಿ ಬಿತ್ತು. ಸರಪಳಿಯಲ್ಲಿದ್ದವರು ಓಡಲಾರದೆ ಹೋದರು. 28 ಮಂದಿ ಪ್ರಾಣ ಕಳೆದುಕೊಂಡರು. ಇದನ್ನು ಅನ್ಯಧರ್ಮದವರ ದೋಷವೆಂದು ಓದುವವರು ನಮ್ಮ ಪ್ರಾರ್ಥನಾ ಕೂಟಗಳ ಕಡೆಗೂ ಒಮ್ಮೆ ನೋಡಬೇಕು. ಚಿಕಿತ್ಸೆಯನ್ನು ಬಿಡಿಸಿ, ದೆವ್ವ ಬಿಡಿಸುವುದಾಗಿ ರೋಗಿಯನ್ನು ಹಿಡಿದಿಟ್ಟುಕೊಳ್ಳುವ ಪ್ರವೃತ್ತಿ ಯಾವ ಧರ್ಮದ ಸೊತ್ತೂ ಅಲ್ಲ. ಧರ್ಮಸಭೆಯ ಕಾನೂನುಸಂಹಿತೆಯ 1172ನೆಯ ವಿಧಿಯಂತೆ, ಧರ್ಮಾಧ್ಯಕ್ಷರ ವಿಶೇಷ ಅನುಮತಿಯಿಲ್ಲದೆ ಯಾವ ಯಾಜಕನೂ ಪೀಡಿತರ ಮೇಲೆ ಭೂತೋಚ್ಚಾಟನೆ ನಡೆಸುವಂತಿಲ್ಲ.

ದೇಶದ ಕಾನೂನೂ ಈಗ ಸ್ಪಷ್ಟವಾಗಿದೆ. 2017ರ ಮಾನಸಿಕ ಆರೋಗ್ಯ ಪಾಲನಾ ಕಾಯಿದೆಯ 95ನೆಯ ಸೆಕ್ಷನ್ ಯಾವುದೇ ರೀತಿಯಲ್ಲಿ ಸರಪಳಿಯಿಂದ ಕಟ್ಟುವುದನ್ನು ನಿಷೇಧಿಸುತ್ತದೆ. 97ನೆಯ ಸೆಕ್ಷನ್ ಒಂಟಿಕೋಣೆಯನ್ನು ನಿಷೇಧಿಸಿ, ದೈಹಿಕ ಬಂಧನಕ್ಕೆ ಕಟ್ಟುನಿಟ್ಟಿನ ಮಿತಿ ಹಾಕುತ್ತದೆ: ರೋಗಿಗೋ ಇತರರಿಗೋ ಒದಗಿಬಂದ ತಕ್ಷಣದ ಅಪಾಯವನ್ನು ತಡೆಯಲು ಬೇರೆ ದಾರಿಯೇ ಇಲ್ಲದಾಗ ಮಾತ್ರ, ಮನೋವೈದ್ಯರ ಅನುಮತಿಯಿಂದ, ಅತ್ಯಗತ್ಯವಾದಷ್ಟೇ ಹೊತ್ತು. ಬಂಧನದ ಕಾರಣ, ವಿಧಾನ ಮತ್ತು ಅವಧಿಯನ್ನು ದಾಖಲಿಸಬೇಕು. ರೋಗಿಯ ನಾಮನಿರ್ದೇಶಿತ ಪ್ರತಿನಿಧಿಗೆ 24 ಗಂಟೆಗಳೊಳಗೆ ತಿಳಿಸಬೇಕು. ಶಿಕ್ಷೆಗಾಗಿ ಅಥವಾ ಸಿಬ್ಬಂದಿ ಸಾಲದೆಂಬ ಕಾರಣಕ್ಕಾಗಿ ಕಟ್ಟುವಂತಿಲ್ಲ. ಇದೇ ಕಾಯಿದೆ, ಅಸ್ವಸ್ಥನಾದಾಗ ತನ್ನನ್ನು ಹೇಗೆ ಉಪಚರಿಸಬೇಕು, ಹೇಗೆ ಉಪಚರಿಸಬಾರದು ಎಂಬುದನ್ನು ಮುಂಚಿತವಾಗಿ ಬರೆದಿಡುವ ಹಕ್ಕನ್ನೂ ನೀಡಿದೆ. ಬಂಧಿತನಾಗಬಹುದಾದವನ ಮಾತಿಗೆ ಕಾನೂನು ಹೀಗೆ ಬೆಲೆ ಕೊಟ್ಟಿರುವಾಗ, ಪಾಲಕರಾದ ನಾವು ಹಿಂದೆ ಉಳಿಯಬಾರದು.

ಪಾಲಕನ ಮುಂದಿರುವ ಕರ್ತವ್ಯ

ಇಂತಹ ಮನೆಯ ಅಂಗಳಕ್ಕೆ ಕಾಲಿಡುವ ಗುರುವಿಗೆ ಎರಡು ಸುಲಭದ ದಾರಿಗಳಿವೆ. ಆಶೀರ್ವದಿಸಿ ಹೊರಡುವುದು ಒಂದು. ಕುಟುಂಬವನ್ನು ಗದರಿಸಿ, ಕಾನೂನಿನ ಭಯ ಹುಟ್ಟಿಸಿ ಹೊರಡುವುದು ಇನ್ನೊಂದು. ಎರಡರಲ್ಲೂ ಗುರು ಹೊರಟುಹೋಗುತ್ತಾನೆ, ಸಂಕೋಲೆ ಉಳಿಯುತ್ತದೆ. ಕುಟುಂಬಕ್ಕೆ ಬೇಕಾಗಿರುವುದು ಆಸ್ಪತ್ರೆಯ ತನಕದ ವಾಹನ, ಜೊತೆಗೊಬ್ಬರು, ತಿಂಗಳು ತಿಂಗಳು ಔಷಧದ ವಿಚಾರಣೆ, ದಣಿದ ತಾಯಿಗೆ ಒಂದು ದಿನದ ಬಿಡುವು. ಸಂತ ವಿನ್ಸೆಂಟ್ ದೆ ಪೌಲ್ ಸಭೆಯಾಗಲಿ, ವಾರ್ಡಿನ ಗುರಿಕಾರರಾಗಲಿ ಮಾಡಲಾಗದಂತಹುದು ಇದರಲ್ಲಿ ಏನೂ ಇಲ್ಲ.

ಅದಕ್ಕೂ ಮೊದಲಿನ ಕರ್ತವ್ಯವೊಂದಿದೆ. ಪ್ರಭುವಿನಂತೆ ಅವನ ಹೆಸರನ್ನು ಕೇಳಬೇಕು. ತಾಯಿಯ ಬಳಿಯಲ್ಲ, ಅವನ ಬಳಿಯೇ. ಅವನೆದುರು ನೆಲದಲ್ಲಿ ಕುಳಿತು, ಅವನು ಹೇಳಿದ್ದನ್ನು ಮುಗಿಯುವ ತನಕ ಕೇಳಬೇಕು. ಪರಮಪ್ರಸಾದವೂ ರೋಗಿಗಳ ಅಭ್ಯಂಗವೂ ಅವನಿಗೆ ಸಲ್ಲಬೇಕಾದ ಸಂಸ್ಕಾರಗಳು. ಅವನು ಅವನ್ನು ಬಯಸುತ್ತಾನೆಯೇ ಎಂದು ನಾವು ಕೇಳುವುದನ್ನೇ ಮರೆತಿದ್ದೇವೆ. ಗುಣವಾದವನು ದೇವಾಲಯಕ್ಕೆ ಬಂದಾಗ ಪೀಠದ ಸಾಲಿನಲ್ಲಿ ಅವನ ಪಕ್ಕದ ಜಾಗ ಖಾಲಿ ಉಳಿದರೆ, ಗೆರಸೇನರ ಭಯ ನಮ್ಮಲ್ಲೂ ಇದೆಯೆಂದೇ ಅರ್ಥ.

ಮೊದಲು ಹೇಳಿದ ಮನೆಗೆ ಕೆಲವು ವರ್ಷಗಳ ನಂತರ ನಾನು ಮತ್ತೊಮ್ಮೆ ಹೋದೆ. ಅಷ್ಟರಲ್ಲಿ ತಾಯಿ ತೀರಿಕೊಂಡಿದ್ದರು. ಅಕ್ಕನೊಬ್ಬಳು ಬಂದು ಅವನನ್ನು ತನ್ನ ಊರಿಗೆ ಕರೆದುಕೊಂಡು ಹೋಗಿ ಚಿಕಿತ್ಸೆ ಕೊಡಿಸುತ್ತಿದ್ದಾಳೆಂದೂ, ಈಗ ಸಂಕೋಲೆಯಿಲ್ಲವೆಂದೂ ನೆರೆಯವರು ತಿಳಿಸಿದರು. ಇದರಲ್ಲಿ ನನ್ನ ಪಾಲೇನೂ ಇರಲಿಲ್ಲ. ಚಾವಡಿಯ ಕಂಬದ ಬುಡದಲ್ಲಿ ಸರಪಳಿ ಉಜ್ಜಿದ ಗುರುತು ಹಾಗೆಯೇ ಇತ್ತು. ಅವನು ಎಂದಾದರೂ ಊರಿಗೆ ಬಂದರೆ ಅವನ ಬಳಿ ಕ್ಷಮೆ ಕೇಳಬೇಕೆಂದಿದ್ದೇನೆ. ಅದಕ್ಕಿಂತ ಮುಂಚೆ, ಆ ದಿನಗಳ ಕುರಿತು ಅವನು ಹೇಳುವುದನ್ನು ಪೂರ್ತಿಯಾಗಿ ಕೇಳಬೇಕೆಂದಿದ್ದೇನೆ.