ಕೂದಲು ಹೇಳಿದ ಸಾಕ್ಷಿ

1977ರಲ್ಲಿ ಕತಾರ್‌ನಿಂದ ಲಂಡನ್ನಿನ ಹ್ಯಾಮರ್‌ಸ್ಮಿತ್ ಆಸ್ಪತ್ರೆಗೆ 19 ತಿಂಗಳ ಹೆಣ್ಣುಮಗುವೊಂದನ್ನು ಕರೆತಂದರು. ಅದರ ಕಾಯಿಲೆ ಯಾವುದೆಂದು ವೈದ್ಯರಿಗೆ ಹೊಳೆಯಲಿಲ್ಲ. ಆರೈಕೆಗಿದ್ದ ನರ್ಸ್ ಆ ದಿನಗಳಲ್ಲಿ ಅಗಾಥಾ ಕ್ರಿಸ್ಟಿಯ ‘ದಿ ಪೇಲ್ ಹಾರ್ಸ್’ ಓದುತ್ತಿದ್ದರು. ಮಗುವಿನ ಕೂದಲು ಉದುರುತ್ತಿದ್ದುದನ್ನು ಕಂಡು, ಇದು ಕಾದಂಬರಿಯಲ್ಲಿ ಬರುವ ಥ್ಯಾಲಿಯಮ್ ಇರಬಹುದೇ ಎಂದು ಕೇಳಿದರು. ಪರೀಕ್ಷೆ ಹೌದೆಂದಿತು. ಮಗು ಚೇತರಿಸಿಕೊಂಡಿತು.

ಅಲ್ಲಿ ಯಾರೂ ಬೇಕೆಂದು ವಿಷ ಹಾಕಿರಲಿಲ್ಲ. ಮನೆಯಲ್ಲಿದ್ದ ಕೀಟನಾಶಕ ಮಗುವಿನ ಹೊಟ್ಟೆ ಸೇರಿತ್ತು. ಆದರೆ ಅದಕ್ಕೆ ಆರು ವರ್ಷ ಮೊದಲು ಇದೇ ಇಂಗ್ಲೆಂಡಿನಲ್ಲಿ ಬೇಕೆಂದೇ ಹಾಕಿದವನೊಬ್ಬನಿದ್ದ.

ಥ್ಯಾಲಿಯಮ್ ಲವಣಗಳಿಗೆ ಬಣ್ಣವಿಲ್ಲ, ವಾಸನೆಯಿಲ್ಲ, ರುಚಿಯೂ ಇಲ್ಲವೆನ್ನುವಷ್ಟು ಕಡಿಮೆ. ಮೊದಲು ಹೊಟ್ಟೆನೋವು, ವಾಂತಿ. ಆಮೇಲೆ ಅಂಗಾಲಿನಲ್ಲಿ ಉರಿ, ಕೈಕಾಲುಗಳಲ್ಲಿ ನಿಶ್ಶಕ್ತಿ. ಅನುಮಾನ ಹುಟ್ಟಿಸಬಲ್ಲ ಗುರುತಾದ ಕೂದಲುದುರುವಿಕೆ ಕಾಣಿಸಿಕೊಳ್ಳಲು ಎರಡು ಮೂರು ವಾರ ಬೇಕು. ಅಷ್ಟರಲ್ಲಿ ರೋಗಿಯ ಚೀಟಿಯಲ್ಲಿ ಬೇರೊಂದು ಕಾಯಿಲೆಯ ಹೆಸರು ಬಿದ್ದಿರುತ್ತದೆ.

1971ರಲ್ಲಿ ಬೋವಿಂಗ್ಡನ್ ಹಳ್ಳಿಯ ಕ್ಯಾಮೆರಾ ಉಪಕರಣಗಳ ಕಂಪನಿಯೊಂದರಲ್ಲಿ ಆದದ್ದು ಇದೇ. ಉಗ್ರಾಣದ ಮುಖ್ಯಸ್ಥ ಬಾಬ್ ಈಗಲ್ ಜುಲೈನಲ್ಲಿ ತೀರಿಕೊಂಡರು. ನರಗಳ ಕಾಯಿಲೆಯಿಂದ ಬಂದ ಸಾವು ಎಂದು ಬರೆದು, ದೇಹವನ್ನು ಸುಟ್ಟದ್ದೂ ಆಯಿತು. ಇತರರೂ ಹಾಸಿಗೆ ಹಿಡಿದರು, ಕೆಲವರ ತಲೆಗೂದಲು ಉದುರಿತು. ಜನ ವೈರಸ್ ಎಂದರು, ನೀರಿನ ದೋಷವೆಂದರು. ನವೆಂಬರಿನಲ್ಲಿ ಫ್ರೆಡ್ ಬಿಗ್ಸ್ ಸತ್ತಾಗ, ಕಂಪನಿ ಕರೆಸಿದ ವೈದ್ಯರು ನೌಕರರನ್ನು ಸೇರಿಸಿ ಧೈರ್ಯ ಹೇಳಿದರು. ಆಗ ಒಬ್ಬ ತರುಣ, ಇವು ಥ್ಯಾಲಿಯಮ್‌ನ ಲಕ್ಷಣಗಳಿಗೆ ಹೊಂದುವುದಿಲ್ಲವೇ ಎಂದು ಕೇಳಿದ. ಅವನೇ ಗ್ರಹಾಂ ಯಂಗ್. ಸಹೋದ್ಯೋಗಿಗಳಿಗೆ ಚಹಾ ತಂದುಕೊಡುತ್ತಿದ್ದವನು. 1962ರಲ್ಲಿ, 14ನೇ ವಯಸ್ಸಿನಲ್ಲೇ, ಮನೆಯವರಿಗೆ ವಿಷವಿಟ್ಟು ಬ್ರಾಡ್‌ಮೂರ್ ಸೇರಿ ಬಂದಿದ್ದ. ಆ ವಿಷಯ ಕಂಪನಿಗೆ ತಿಳಿದಿರಲಿಲ್ಲ.

ಪೊಲೀಸರು ಈಗಲ್‌ರ ಚಿತಾಭಸ್ಮವನ್ನು ಪರೀಕ್ಷೆಗೆ ಕಳಿಸಿದರು. ಬೂದಿಯಲ್ಲೂ ಥ್ಯಾಲಿಯಮ್ ಉಳಿದಿತ್ತು, ಏಕೆಂದರೆ ಲೋಹ ಸುಟ್ಟು ಇಲ್ಲವಾಗುವಂಥದ್ದಲ್ಲ. 1972ರಲ್ಲಿ ಯಂಗ್‌ಗೆ ಜೀವಾವಧಿ ಶಿಕ್ಷೆಯಾಯಿತು.

ಬೂದಿಯಲ್ಲಿ ಸಿಕ್ಕ ವಿಷ, ಈಗಲ್ ಬದುಕಿದ್ದಾಗ ಅವರ ಮೂತ್ರದಲ್ಲಿ ಇನ್ನೂ ಸುಲಭವಾಗಿ ಸಿಗುತ್ತಿತ್ತು. ಆದರೆ ಪ್ರಯೋಗಾಲಯ ಹುಡುಕುವುದು ಕೇಳಿದ್ದನ್ನು ಮಾತ್ರ. ಮನೆಯವರು, ಜೊತೆಗೆ ಕೆಲಸ ಮಾಡುವವರು ವಿಷವಿಟ್ಟಾರು ಎಂದು ಯೋಚಿಸುವುದು ವೈದ್ಯರಿಗೂ ಕಷ್ಟ. ಮೊದಲ ಮಹಾಯುದ್ಧದಲ್ಲಿ ಆಸ್ಪತ್ರೆಯ ಔಷಧಾಲಯದಲ್ಲಿ ದುಡಿದಿದ್ದ ಕ್ರಿಸ್ಟಿ ಆ ಲಕ್ಷಣಗಳನ್ನು 1961ರಲ್ಲೇ ಬರೆದಿಟ್ಟಿದ್ದರು. ಬೋವಿಂಗ್ಡನ್ನಿನಲ್ಲಿ ಆ ಪ್ರಶ್ನೆಯನ್ನು ಕೊಲೆಗಾರ ತನ್ನ ಜಂಬಕ್ಕೆ ಕೇಳಿದ. ಹ್ಯಾಮರ್‌ಸ್ಮಿತ್‌ನಲ್ಲಿ ಒಬ್ಬ ಓದುಗಳು ಹೊತ್ತು ಮೀರುವ ಮೊದಲೇ ಕೇಳಿದಳು.