ಮಾರುವೇಷದ ವಾಟ್ಸಾಪ್‌ಗಳು: ಒಂದು ಸಮೀಕ್ಷೆ

ಮೂಲ ಕಂಪನಿಯ ಒಪ್ಪಿಗೆಯಿಲ್ಲದೆ ಹೊರಗಿನವರು ತಿದ್ದಿ ಹಂಚುವ ಮೆಸೇಜಿಂಗ್ ಆಪ್‌ಗಳಿಗೆ ‘ಮಾಡ್’ ಎಂಬ ಹೆಸರು ರೂಢಿಯಲ್ಲಿದೆ. ಜಿಬಿ ವಾಟ್ಸಾಪ್, ಎಫ್‌ಎಂ ವಾಟ್ಸಾಪ್, ಯೋ ವಾಟ್ಸಾಪ್ ಇವುಗಳಲ್ಲಿ ಹೆಸರಾದವು. ಇವನ್ನು ಬಳಸಿದರೆ ಖಾತೆ ಬ್ಯಾನ್ ಆಗುತ್ತದೆ ಎಂದು ಹೇಳಿ ಜನಪ್ರಿಯ ಬರಹಗಳು ಕೈತೊಳೆದುಕೊಳ್ಳುತ್ತವೆ. ಬ್ಯಾನ್ ಇದರಲ್ಲಿ ತೀರ ಸಣ್ಣ ನಷ್ಟ. ಎನ್‌ಕ್ರಿಪ್ಷನ್ ಇರುವುದರಿಂದ ಯಾವ ಆಪ್‌ನಲ್ಲಿ ಮಾತಾಡಿದರೂ ಭದ್ರ ಎಂಬ ನಂಬಿಕೆಯಂತೂ ಪೂರ್ತಿ ತಪ್ಪು.

ಅನಧಿಕೃತ ಆಪ್‌ಗಳು ಸ್ಮಾರ್ಟ್‌ಫೋನಿಗಿಂತ ಹಳೆಯವು. ಮುಂದೆ ಪಿಜಿನ್ ಎಂದು ಹೆಸರಾದ ತಂತ್ರಾಂಶ 1998ರಲ್ಲೇ ಎಒಎಲ್‌ನ ಚಾಟ್ ಸೇವೆಗೆ ಹೊರಗಿನಿಂದ ಸೇರಿಕೊಂಡಿತ್ತು. ಮರುವರ್ಷ ಮೈಕ್ರೋಸಾಫ್ಟ್ ಕೂಡ ತನ್ನ ಮೆಸೆಂಜರನ್ನು ಅದೇ ಸೇವೆಗೆ ಜೋಡಿಸಹೊರಟಾಗ ಎಒಎಲ್ ಮತ್ತೆ ಮತ್ತೆ ದಾರಿ ಮುಚ್ಚಿತು. ಅದು ಮುಖ್ಯವಾಗಿ ಮಾರುಕಟ್ಟೆಯ ಜಗಳ. 2012ರ ಸುಮಾರಿಗೆ ಬಂದ ವಾಟ್ಸಾಪ್ ಪ್ಲಸ್ ಕೂಡ ಬಣ್ಣ, ಅಕ್ಷರ ಬದಲಿಸುವ ಹವ್ಯಾಸಿ ಕೆಲಸವೇ. 2015ರ ಜನವರಿಯಲ್ಲಿ ವಾಟ್ಸಾಪ್ ಅದರ ಬಳಕೆದಾರರನ್ನು 24 ಗಂಟೆ ಹೊರಗಿಟ್ಟಿತು. ಪ್ಲಸ್ ಮುಚ್ಚಿತು, ಅದರ ನಕಲುಗಳು ಹುಟ್ಟಿದವು.

ಮಾಡ್‌ಗಳ ಬೇಡಿಕೆ ಸುಮ್ಮನೆ ಹುಟ್ಟಿದ್ದಲ್ಲ. 2014ರ ನವೆಂಬರಿನಲ್ಲಿ, ಸಂದೇಶ ಓದಿದ್ದನ್ನು ತೋರಿಸುವ ಬ್ಲೂ ಟಿಕ್ ಬಂದಾಗ ಅದನ್ನು ಅಡಗಿಸುವ ಆಸೆಯೂ ಬಂತು. ಎರಡು ಸಿಮ್‌ನ ಫೋನಿರುವ ಅಂಗಡಿಯವನಿಗೆ ಎರಡು ಖಾತೆ ಬೇಕಿತ್ತು. ಡಿಲೀಟ್ ಆದ ಮೆಸೇಜ್ ಓದಬೇಕು, ಸ್ಟೇಟಸ್ ಇಳಿಸಿಕೊಳ್ಳಬೇಕು ಎಂಬವರಿಗೂ ಬರವಿರಲಿಲ್ಲ. ಇವುಗಳ ಉಪಾಯ ಹೇಳುವ ವಿಡಿಯೊಗಳು ಕನ್ನಡದಲ್ಲೂ ಇವೆ. ಒಂದೇ ಫೋನಿನಲ್ಲಿ ಎರಡು ಖಾತೆಯ ಸೌಲಭ್ಯವನ್ನು ವಾಟ್ಸಾಪ್ ಕೊಟ್ಟದ್ದು 2023ರ ಅಕ್ಟೋಬರಿನಲ್ಲಿ. ಅಷ್ಟು ವರ್ಷ ಆ ಜಾಗ ತುಂಬಿದ್ದು ಮಾಡ್‌ಗಳೇ.

ಅಪಾಯ ಎಲ್ಲಿದೆ ಎಂಬುದು ಇನ್‌ಸ್ಟಾಲ್ ಮಾಡುವ ಹೊತ್ತಿಗೇ ಕಾಣುತ್ತದೆ. ಆಂಡ್ರಾಯ್ಡ್‌ನಲ್ಲಿ ಪ್ರತಿ ಆಪ್‌ಗೂ ತಯಾರಕರ ಡಿಜಿಟಲ್ ಸಹಿ ಇರಬೇಕು. ಒಳಗೆ ಒಂದಕ್ಷರ ತಿದ್ದಿದರೂ ಆ ಸಹಿ ಕೆಡುತ್ತದೆ. ತಿದ್ದಿದವರು ತಮ್ಮದೇ ಸಹಿ ಹಾಕಬೇಕು. ಸಹಿ ಬೇರೆಯಾದ ಆಪ್ ಅಸಲಿಯ ಮೇಲೆ ಅಪ್‌ಡೇಟ್ ಆಗಿ ಕೂರುವುದಿಲ್ಲ. ಹೀಗಾಗಿ ಅಸಲಿಯ ಹೆಸರನ್ನೇ ಹೊತ್ತ ಮಾಡ್ ಹಾಕಲು ಮೊದಲು ಅಸಲಿಯನ್ನು ತೆಗೆಯಬೇಕು, ಆಮೇಲೆ ಅಪರಿಚಿತ ಮೂಲದ ಎಪಿಕೆ ಫೈಲಿಗೆ ಅನುಮತಿ ಕೊಡಬೇಕು. ಅಷ್ಟರಲ್ಲಿ ಫೋನು ಎರಡು ಸಲ ಎಚ್ಚರಿಸಿರುತ್ತದೆ. ಮುಂದೆ ಸಂಪರ್ಕ ಪಟ್ಟಿ, ಮೈಕ್, ಫೋಟೊ, ಎಸ್‌ಎಂಎಸ್‌ಗೆ ಕೊಡುವ ಅನುಮತಿಗಳೆಲ್ಲ ಸಲ್ಲುವುದು ಆ ಹೊಸ ಸಹಿಯವನಿಗೆ. ವಾಟ್ಸಾಪ್ 2016ರ ಏಪ್ರಿಲ್‌ನಲ್ಲಿ ಪೂರ್ಣಗೊಳಿಸಿದ ಎಂಡ್ ಟು ಎಂಡ್ ಎನ್‌ಕ್ರಿಪ್ಷನ್ ಇಲ್ಲಿ ಕಾಯಲಾರದು. ಸಂದೇಶಕ್ಕೆ ಬೀಗ ಬೀಳುವುದೂ ತೆಗೆಯುವುದೂ ಆಪ್‌ನ ಒಳಗೇ. ದಾರಿಯಲ್ಲಿ ಯಾರೂ ಓದಲಾರರು, ನಿಜ. ಆಪ್ ಮಾತ್ರ ಓದಲೇಬೇಕು, ಓದದೆ ಪರದೆಯ ಮೇಲೆ ತೋರಿಸಲಾರದು.

ಮಾಡ್‌ಗಳ ಅಧ್ಯಯನಕ್ಕೆ ಗಟ್ಟಿ ನೆಲೆ ಸಿಕ್ಕಿದ್ದು ಎಪಿಕೆಯನ್ನು ಬಿಚ್ಚಿ, ಅಸಲಿಯ ಪಕ್ಕದಲ್ಲಿಟ್ಟು ಸಾಲು ಸಾಲಾಗಿ ಹೋಲಿಸುವವರಿಂದ. 2021ರ ಆಗಸ್ಟಿನಲ್ಲಿ ಆಂಟಿವೈರಸ್ ಕಂಪನಿ ಕ್ಯಾಸ್ಪರ್‌ಸ್ಕಿ ತಂಡ ಎಫ್‌ಎಂ ವಾಟ್ಸಾಪ್‌ನ 16.80.0 ಆವೃತ್ತಿಯಲ್ಲಿ ಟ್ರಯಾಡಾ ಎಂಬ ಟ್ರೋಜನ್ ಕಂಡಿತು. ಅದು ಒಳಹೊಕ್ಕಿದ್ದು ಜಾಹೀರಾತು ತೋರಿಸುವ ಸಿದ್ಧ ಭಾಗದ ಜೊತೆಗೆ. ಮಾಡ್ ಮಾಡಿದವನೇ ಕಳ್ಳನಾಗಿರಬೇಕಿಲ್ಲ, ಅವನು ಕಾಸಿಗೆ ಜಾಗ ಬಿಟ್ಟುಕೊಟ್ಟರೆ ಸಾಕು ಎಂಬುದು ಆಗ ಸ್ಪಷ್ಟವಾಯಿತು. ಎಸ್‌ಎಂಎಸ್ ಓದುವ ಅನುಮತಿಯ ಬಲದಿಂದ ಈ ಟ್ರೋಜನ್ ಬಳಕೆದಾರನಿಗೆ ತಿಳಿಯದಂತೆ ಹಣದ ಚಂದಾ ಸೇವೆಗಳಿಗೆ ಸೇರಿಸಬಲ್ಲದಾಗಿತ್ತು. 2022ರ ಅಕ್ಟೋಬರಿನಲ್ಲಿ ಯೋ ವಾಟ್ಸಾಪ್‌ನ ಒಂದು ಆವೃತ್ತಿ ಖಾತೆಯ ಕೀಲಿಗಳನ್ನೇ ಕದಿಯುತ್ತಿರುವುದು ಬಯಲಾಯಿತು. ಕೀಲಿ ಸಿಕ್ಕವರು ಆ ಖಾತೆಯನ್ನು ಬೇರೆಡೆಯಿಂದ ನಡೆಸಬಹುದು. ಅದರ ಜಾಹೀರಾತು ಬರುತ್ತಿದ್ದುದು ವಿಡಿಯೊ ಇಳಿಸುವ ಸ್ನ್ಯಾಪ್‌ಟ್ಯೂಬ್ ಆಪ್‌ನಲ್ಲಿ. ವಾಟ್ಸಾಪ್‌ನ ಒಡೆಯ ಮೆಟಾ ಅದೇ ತಿಂಗಳು ಹೇಮಾಡ್ಸ್ ಮುಂತಾದ ಹೆಸರಿನ ಕಂಪನಿಗಳ ಮೇಲೆ ಮೊಕದ್ದಮೆ ಹೂಡಿತು; ಹತ್ತು ಲಕ್ಷಕ್ಕೂ ಹೆಚ್ಚು ಖಾತೆಗಳಿಗೆ ಮೋಸವಾಗಿದೆ ಎಂಬುದು ಅದರ ಆರೋಪ.

ಇಂಥ ಹೋಲಿಕೆಯ ಒಳ್ಳೆಯ ಮಾದರಿ 2023ರ ನವೆಂಬರಿನಲ್ಲಿ ಹೊರಬಿದ್ದ ಕೇನ್ಸ್‌ಸ್ಪೈ ಎಂಬ ಗೂಢಚಾರಿ ತಂತ್ರಾಂಶದ ಪ್ರಕರಣ. ಮಾಡ್‌ನ ಭಾಗಗಳ ಪಟ್ಟಿಯಾದ ಮ್ಯಾನಿಫೆಸ್ಟ್ ಫೈಲಿನಲ್ಲಿ ಅಸಲಿಯಲ್ಲಿಲ್ಲದ ಎರಡು ಭಾಗಗಳಿದ್ದವು. ಫೋನ್ ಆನ್ ಆದಾಗಲೋ ಚಾರ್ಜಿಗೆ ಹಾಕಿದಾಗಲೋ ಒಂದು ಎಚ್ಚೆತ್ತು ಇನ್ನೊಂದನ್ನು ಎಬ್ಬಿಸುತ್ತಿತ್ತು. ಎದ್ದದ್ದು ಐಎಂಇಐ, ಫೋನ್ ನಂಬರುಗಳನ್ನು ಸರ್ವರಿಗೆ ಒಪ್ಪಿಸಿ, ಬಳಿಕ ಐದೈದು ನಿಮಿಷಕ್ಕೆ ಸಂಪರ್ಕಗಳ ಮತ್ತು ಖಾತೆಗಳ ವಿವರ ಕಳಿಸುತ್ತಿತ್ತು. ಹಂಚಿಕೆ ಹೆಚ್ಚಾಗಿ ಅರಬ್ಬಿ, ಅಜರ್‌ಬೈಜಾನಿ ಟೆಲಿಗ್ರಾಂ ಚಾನೆಲ್‌ಗಳಲ್ಲಿ. 2023ರ ಅಕ್ಟೋಬರ್ ತಿಂಗಳೊಂದರಲ್ಲೇ 3,40,000ಕ್ಕೂ ಹೆಚ್ಚು ದಾಳಿಗಳನ್ನು ತಡೆದ ಲೆಕ್ಕವಿದೆ.

ಮೂಲ ಕೋಡ್ ಬಹಿರಂಗವಿರುವ ಆಪ್‌ಗಳ ಹಾದಿ ಸ್ವಲ್ಪ ಬೇರೆ. ಟೆಲಿಗ್ರಾಂ ಹೊರಗಿನ ಆಪ್‌ಗಳನ್ನು ಒಪ್ಪುತ್ತದೆ. ಸಿಗ್ನಲ್‌ನ ಮಾಕ್ಸಿ ಮಾರ್ಲಿನ್‌ಸ್ಪೈಕ್ 2016ರಲ್ಲಿ ಲಿಬ್ರೆಸಿಗ್ನಲ್ ಎಂಬ ಹೊರಗಿನ ಆಪ್ ತಮ್ಮ ಸರ್ವರ್ ಬಳಸುವುದನ್ನು ಆಕ್ಷೇಪಿಸಿದಾಗ ಅನೇಕರಿಗೆ ಅದು ಬಿಗುಮಾನವೆನಿಸಿತು. ಆದರೆ 2023ರ ಆಗಸ್ಟಿನಲ್ಲಿ ಆಂಟಿವೈರಸ್ ಕಂಪನಿ ಇಸೆಟ್ ಬಯಲು ಮಾಡಿದ ನಕಲಿ ‘ಸಿಗ್ನಲ್ ಪ್ಲಸ್ ಮೆಸೆಂಜರ್’, ಬಲಿಯಾದವರ ಖಾತೆಗೆ ದಾಳಿಕೋರನ ಸಾಧನವನ್ನು ಗುಟ್ಟಾಗಿ ಲಿಂಕ್ ಮಾಡುತ್ತಿತ್ತು. ಅದು ಗೂಗಲ್ ಪ್ಲೇನಲ್ಲೂ ಇತ್ತು; ಪ್ಲೇಸ್ಟೋರಿನಲ್ಲಿದ್ದ ಮಾತ್ರಕ್ಕೆ ಆಪ್ ಅಧಿಕೃತವಾಗದು.

ಮಾಡ್ ಎಂದರೆ ತಿಳಿವಳಿಕೆಯಿಲ್ಲದವರ ಚಟ ಎಂಬ ಮಾತಿಗೆ 2025ರಲ್ಲಿ ವಾಷಿಂಗ್ಟನ್‌ನಿಂದಲೇ ಉತ್ತರ ಬಂತು. ಅಮೆರಿಕದ ರಾಷ್ಟ್ರೀಯ ಭದ್ರತಾ ಸಲಹೆಗಾರರಾಗಿದ್ದ ಮೈಕ್ ವಾಲ್ಟ್ಜ್ ಸಂಪುಟ ಸಭೆಯಲ್ಲಿ ಹಿಡಿದಿದ್ದ ಫೋನಿನಲ್ಲಿ ಟೆಲಿಮೆಸೇಜ್ ಎಂಬ ಕಂಪನಿ ತಿದ್ದಿದ ಸಿಗ್ನಲ್ ಇರುವುದು ರಾಯಿಟರ್ಸ್ ಫೋಟೊದಲ್ಲಿ ಕಂಡಿತು. ದಾಖಲೆಗಾಗಿ ಸಂದೇಶಗಳ ಪ್ರತಿ ತೆಗೆದಿಡುವುದೇ ಅದರ ಕೆಲಸ. ಕೆಲವೇ ದಿನಗಳಲ್ಲಿ ಹ್ಯಾಕರ್‌ಗಳು ಆ ಸಂಗ್ರಹಕ್ಕೆ ಕೈಹಾಕಿದರು, ಸೇವೆ ನಿಂತಿತು. ತಿದ್ದಿದವರ ಉದ್ದೇಶ ಒಳ್ಳೆಯದಾದರೂ ಇನ್ನೊಂದು ಪ್ರತಿ ಇದ್ದಲ್ಲಿ ಇನ್ನೊಂದು ಬಾಗಿಲು ಇದ್ದೇ ಇರುತ್ತದೆ.

ಈ ಇಡೀ ತಿಳಿವಳಿಕೆಯಲ್ಲಿ ದೊಡ್ಡ ಕೊರತೆಗಳಿವೆ. ಅಂಕಿಗಳ ಬಹುಪಾಲು ಆಂಟಿವೈರಸ್ ಕಂಪನಿಗಳವು. ಅವರ ಗ್ರಾಹಕರಿಲ್ಲದ ಕಡೆ ರೋಗವೂ ಇಲ್ಲವೆಂಬಂತೆ ಕಾಣುತ್ತದೆ. ಭಾರತದ ಆಂಡ್ರಾಯ್ಡ್ ಗೂಢಚಾರಿ ತಂತ್ರಾಂಶಗಳಲ್ಲಿ ಜಿಬಿ ವಾಟ್ಸಾಪ್‌ನ ಪಾಲು ದೊಡ್ಡದೆಂದು ಇಸೆಟ್ 2022ರಲ್ಲಿ ಹೇಳಿತು; ಆಂಟಿವೈರಸ್ ಹಾಕದ ಫೋನುಗಳು ಆ ಲೆಕ್ಕಕ್ಕೇ ಬರುವುದಿಲ್ಲ.

ಎರಡನೆಯ ಕೊರತೆ ಇನ್ನೂ ದೊಡ್ಡದು. ಎಲ್ಲ ಎಚ್ಚರಿಕೆಗಳೂ ಮಾಡ್ ಹಾಕಿದವನನ್ನೇ ಕುರಿತವು. ನಲವತ್ತು ಜನರ ಕುಟುಂಬದ ಗ್ರೂಪಿನಲ್ಲಿ ಒಬ್ಬನ ಫೋನಿನಲ್ಲಿ ಸೋಂಕಿನ ಮಾಡ್ ಇದ್ದರೆ ಉಳಿದ ಮೂವತ್ತೊಂಬತ್ತು ಮಂದಿಯ ಫೋಟೊ, ಧ್ವನಿ, ನಂಬರು ಸೋರುತ್ತವೆ. ಅವರು ಡಿಲೀಟ್ ಮಾಡಿದೆವೆಂದುಕೊಂಡದ್ದೂ ಅಲ್ಲಿ ಉಳಿದಿರುತ್ತದೆ. ಅವರು ಏನನ್ನೂ ಇನ್‌ಸ್ಟಾಲ್ ಮಾಡಿದವರಲ್ಲ, ಅವರನ್ನು ಯಾವ ವರದಿಯೂ ಎಣಿಸಿಲ್ಲ.

ಮಾಡ್ ಬಳಕೆ ಬಿಡುವವರು ಅದನ್ನು ತೆಗೆದು, ಅಸಲಿ ಆಪ್‌ನಲ್ಲಿ ನಂಬರನ್ನು ಮತ್ತೆ ನೋಂದಾಯಿಸಿ, ಲಿಂಕ್ ಆದ ಸಾಧನಗಳ ಪಟ್ಟಿ ನೋಡಿ, ಎರಡು ಹಂತದ ಪಿನ್ ಇಡಬೇಕು. ಅಷ್ಟರಿಂದ ಅವರ ಖಾತೆ ಭದ್ರವಾಗುತ್ತದೆ. ಅಷ್ಟರೊಳಗೆ ಸೋರಿದ್ದು, ತಮ್ಮದಾಗಲಿ ಪರರದಾಗಲಿ, ಹಿಂದೆ ಬರುವುದಿಲ್ಲ.